ಸೆಲ್ಫ್ ಹೊಡೆಯಿತು, ಗಾಡಿ ಏಳಲಿಲ್ಲ

ಹಳೇ ಕಾರು ಮೊಂಡು ಹಿಡಿದರೆ ಎಲ್ಲರ ಬೆರಳೂ ಬ್ಯಾಟರಿಯ ಕಡೆಗೇ. ಸಂಜೆಯೊಳಗೆ ಹೊಸ ಬ್ಯಾಟರಿ ಬರುತ್ತದೆ, ವಾರ ಕಳೆದರೆ ಗಾಡಿ ಮತ್ತೆ ಅಲ್ಲೇ! ಯಾಕೆ ಏಳುತ್ತಿಲ್ಲ ಎಂಬುದನ್ನು ಹಳೇ ಗಾಡಿ ತನ್ನ ಸದ್ದಿನಲ್ಲಿ, ವಾಸನೆಯಲ್ಲಿ, ದೀಪ ಮಂಕಾಗುವ ಬಗೆಯಲ್ಲಿ ಹೇಳುತ್ತಲೇ ಇರುತ್ತದೆ. ಪಾನಾ ಹಿಡಿಯುವ ಮುನ್ನ ಅದನ್ನು ಕೇಳುವುದು ಹೇಗೆ?

ಮಹಾನವಮಿಯ ಬೆಳಿಗ್ಗೆ. ತೀರ್ಥಹಳ್ಳಿ ಕಡೆಯ ಒಂದು ಮನೆಯ ಅಂಗಳ. ನಡುವೆ ನಿಂತಿರುವುದು ಎಂಬತ್ತರ ದಶಕದ ಪ್ರೀಮಿಯರ್ ಪದ್ಮಿನಿ. ಕಂಪನಿ ರಾಣಿಯ ಹೆಸರಿಟ್ಟರೂ ಊರಿನವರಿಗೆ ಅದು ಇವತ್ತಿಗೂ ‘ಫಿಯೆಟ್ಟು’.

ಹಿಂದಿನ ಸಂಜೆ ಶೆಡ್ಡಿನಿಂದ ಅಂಗಳದವರೆಗೆ ಅದು ತಾನೇ ಓಡಿಕೊಂಡು ಬಂದಿತ್ತು. ಮಕ್ಕಳು ಪೈಪು ಹಿಡಿದು, ಬಾನೆಟ್ ಎತ್ತಿ, ಎಂಜಿನ್ನಿಗೂ ಸೇರಿಸಿ ಸ್ನಾನ ಮಾಡಿಸಿದ್ದರು. ಈಗ ಮುಂದಿನ ಗ್ರಿಲ್ಲಿಗೆ ಬಾಳೆಕಂದು, ಚೆಂಡುಹೂವಿನ ಹಾರ, ಗಾಜಿನ ಮೇಲೆ ವಿಭೂತಿಯ ಪಟ್ಟೆ. ನಾಲ್ಕೂ ಚಕ್ರದಡಿ ನಿಂಬೆಹಣ್ಣು. ಬೂದುಗುಂಬಳ ಒಡೆದಾಯಿತು. ಇನ್ನು ಅಜ್ಜ ಗಾಡಿ ಹತ್ತಿ ನಿಂಬೆಹಣ್ಣು ಅಪ್ಪಚ್ಚಿ ಮಾಡಬೇಕು, ಅಷ್ಟೆ.

ಅಜ್ಜ ಸೆಲ್ಫ್ ಹೊಡೆದರು. ಗುರ್‌ಗುರ್‌ಗುರ್‌ಗುರ್... ಎಂಜಿನ್ ಚುರುಕಾಗಿಯೇ ತಿರುಗಿತು. ಹೊತ್ತಿಕೊಳ್ಳಲಿಲ್ಲ. ಇನ್ನೊಮ್ಮೆ. ಮತ್ತೊಮ್ಮೆ.

‘ಬ್ಯಾಟರಿ ವೀಕ್ ಆಗಿದೆ ಮಾವಾ, ಹೊಸದು ಹಾಕ್ಸಿ’ ಎಂದರು ಶಿವಮೊಗ್ಗದಿಂದ ಬಂದಿದ್ದ ಅಳಿಯ. ಪಕ್ಕದ ಮನೆಯವರಿಗೆ ಪೆಟ್ರೋಲಿನ ಮೇಲೆ ಅನುಮಾನ. ಹುಡುಗರು ಆಗಲೇ ತಳ್ಳಲು ಹಿಂದೆ ಹೋಗಿ ನಿಂತಿದ್ದರು. ‘ಸುಮ್ನೆ ಗುಜರಿಗೆ ಹಾಕೋದಪ್ಪ ಇದನ್ನ’ ಎಂಬ ಮಾತು ಒಳಗಿನಿಂದ ಬಂತು. ಅಜ್ಜ ಅದನ್ನು ಕೇಳಿಸಿಕೊಳ್ಳಲಿಲ್ಲ.

ಅಷ್ಟು ಜನರಲ್ಲಿ ಯಾರೂ ಆ ‘ಗುರ್‌ಗುರ್’ ಸದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹಾಗೆ ಚುರುಕಾಗಿ ಎಂಜಿನ್ ತಿರುಗಿಸುವ ಬ್ಯಾಟರಿ ವೀಕ್ ಆಗಿರಲು ಸಾಧ್ಯವೇ ಇಲ್ಲ. ಅಳಿಯಂದಿರ ಮಾತು ಕೇಳಿದ್ದರೆ ನಾಲ್ಕೈದು ಸಾವಿರ ರೂಪಾಯಿ ದಂಡ.

ಸದ್ದೇ ಮೊದಲ ಸಾಕ್ಷಿ

ಹಳೇ ಮೇಸ್ತ್ರಿಗಳು ಗಾಡಿಯ ಹತ್ತಿರ ಬಂದವರೇ ಬಾನೆಟ್ ಎತ್ತುವುದಿಲ್ಲ. ‘ಒಂದ್ಸಲ ಸೆಲ್ಫ್ ಹೊಡೀರಿ ನೋಡಣ’ ಎಂದು ಕೈಕಟ್ಟಿ ನಿಲ್ಲುತ್ತಾರೆ. ಅರ್ಧ ರೋಗ ಅಲ್ಲೇ ಪತ್ತೆ.

ಏನೂ ಸದ್ದಿಲ್ಲ, ಡ್ಯಾಶ್‌ಬೋರ್ಡಿನ ದೀಪವೂ ಇಲ್ಲ ಎಂದರೆ ಕರೆಂಟು ಬ್ಯಾಟರಿಯಿಂದ ಹೊರಗೇ ಬರುತ್ತಿಲ್ಲ. ಬ್ಯಾಟರಿ ಪೂರ್ತಿ ಸತ್ತಿರಬಹುದು, ಟರ್ಮಿನಲ್ ಕಳಚಿರಬಹುದು. ಟಕಟಕಟಕ ಎಂದು ಬೇಗಬೇಗ ಬಡಿದುಕೊಂಡರೆ ಮೋಟಾರಿಗೆ ಕರೆಂಟು ಬಿಡುವ ಸೊಲೆನಾಯ್ಡ್ ಎಳೆಯುವಷ್ಟು ಕರೆಂಟಿದೆ, ಮೋಟಾರು ತಿರುಗಿಸುವಷ್ಟಿಲ್ಲ. ‘ಟಕ್’ ಎಂದು ಒಂದೇ ಒಂದು ಗಟ್ಟಿ ಸದ್ದು ಬಂದು ಸುಮ್ಮನಾದರೆ ಸ್ಟಾರ್ಟರ್ ಮೋಟಾರಿನ ಮೇಲೆಯೇ ಕಣ್ಣಿಡಬೇಕು. ಒಳಗಿನ ಕಾರ್ಬನ್ ಬ್ರಷ್ಷು ಸವೆದಿರುತ್ತದೆ. ಪಾನಾದ ಹಿಡಿಯಿಂದ ಮೋಟಾರಿಗೆ ಮೆಲ್ಲಗೆ ಎರಡೇಟು ಹಾಕಿದರೆ ಗಾಡಿ ಏಳುವುದು ಇಂಥ ಹೊತ್ತಿನಲ್ಲೇ. ಆದರೆ ಆ ಏಟು ಮನೆ ಮುಟ್ಟಲು ಮಾತ್ರ, ರಿಪೇರಿ ಎಂದು ತಿಳಿದು ಓಡಾಡಿಕೊಂಡಿದ್ದರೆ ಇನ್ನೊಂದು ದಿನ ಸಂತೆಯ ನಡುವೆ ನಿಲ್ಲಿಸುತ್ತದೆ.

‘ಸುಯ್ಯ್’ ಎಂದು ಮೋಟಾರು ತಾನೊಂದೇ ತಿರುಗಿ ಎಂಜಿನ್ ಅಲುಗದಿದ್ದರೆ, ಸ್ಟಾರ್ಟರಿನ ಪುಟ್ಟ ಗೇರು ಫ್ಲೈವೀಲಿನ ಹಲ್ಲಿಗೆ ಕಚ್ಚುತ್ತಿಲ್ಲ. ‘ಗ್ರ್ರ್... ಗ್ರ್ರ್...’ ಎಂದು ಸೋಮಾರಿಯಾಗಿ, ಒಂದೊಂದೇ ಸುತ್ತು ಎಳೆದರೆ ಬ್ಯಾಟರಿ ಇಲ್ಲವೇ ಅದರ ದಾರಿಯಲ್ಲಿ ತೊಂದರೆ. ಮತ್ತೆ, ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ? ಅದು ನಮ್ಮ ಅಜ್ಜನ ಫಿಯೆಟ್ಟಿನ ಕಥೆ. ಬ್ಯಾಟರಿಯನ್ನು ಬಿಟ್ಟು ಬೇರೆಲ್ಲ ನೋಡಬೇಕು.

ಒಂದು ಮಾತು: ಸೆಲ್ಫನ್ನು ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬಾರದು. ನಡುವೆ ಒಂದು ನಿಮಿಷ ಬಿಡುವು ಕೊಡಿ. ಸಿಟ್ಟಿನಲ್ಲಿ ಕೀ ತಿರುವುತ್ತಲೇ ಕೂತು ಒಳ್ಳೇ ಬ್ಯಾಟರಿ, ಒಳ್ಳೇ ಮೋಟಾರು ಎರಡನ್ನೂ ಕಳೆದುಕೊಂಡವರಿದ್ದಾರೆ.

ದೀಪ ಉರಿಯುತ್ತೆ, ಸೆಲ್ಫ್ ಯಾಕಿಲ್ಲ?

‘ಹೆಡ್‌ಲೈಟ್ ಚೆನ್ನಾಗೇ ಉರೀತಿದೆ, ಬ್ಯಾಟರಿಗೆ ಏನೂ ಆಗಿಲ್ಲ’. ಇದು ಎಲ್ಲ ಗ್ಯಾರೇಜಿನಲ್ಲೂ ದಿನಾ ಕೇಳುವ ವಾದ. ಎರಡು ಹೆಡ್‌ಲೈಟು ಸೇರಿ ಎಳೆಯುವುದು ಸುಮಾರು 10 ಆಂಪಿಯರ್. ಸ್ಟಾರ್ಟರ್ ಮೋಟಾರಿಗೆ ಸಣ್ಣ ಕಾರಿನಲ್ಲೂ 100ಕ್ಕಿಂತ ಹೆಚ್ಚು, ಒಮ್ಮೊಮ್ಮೆ 150 ಆಂಪಿಯರ್ ಬೇಕು. ದೀಪ ಉರಿಸಿದ ಬ್ಯಾಟರಿ ಎಂಜಿನ್ ತಿರುಗಿಸಲೇಬೇಕೆಂದಿಲ್ಲ.

ದೀಪ ಬೇರೊಂದು ಕೆಲಸಕ್ಕೆ ಬರುತ್ತದೆ. ರಾತ್ರಿ ಗೋಡೆಯ ಎದುರು ನಿಲ್ಲಿಸಿ, ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆಯಿರಿ. ಬೆಳಕು ಕೊಂಚ ಇಳಿದು ಎಂಜಿನ್ ತಿರುಗಿದರೆ ಎಲ್ಲ ಸರಿ. ದೀಪ ಸತ್ತೇ ಹೋಗುವಷ್ಟು ಮಂಕಾದರೆ ಬ್ಯಾಟರಿ ಇಲ್ಲವೇ ಟರ್ಮಿನಲ್. ಬೆಳಕು ಒಂಚೂರೂ ಕುಗ್ಗದೆ, ಮೋಟಾರೂ ಅಲುಗದೆ ಇದ್ದರೆ ಕರೆಂಟು ಮೋಟಾರಿಗೆ ಹೋಗಿಯೇ ಇಲ್ಲ: ಕೀ ಸ್ವಿಚ್, ಸೊಲೆನಾಯ್ಡ್, ಅದರ ಸಣ್ಣ ವೈರು ನೋಡಬೇಕು. ಮೀಟರಿಲ್ಲದೆ, ಖರ್ಚಿಲ್ಲದೆ ಇಷ್ಟು ತಿಳಿಸಿಕೊಡುವ ಪರೀಕ್ಷೆ ಇನ್ನೊಂದಿಲ್ಲ.

ಇನ್ನು ಟರ್ಮಿನಲ್. ಹಳೇ ಗಾಡಿಯ ಅರ್ಧ ತಂಟೆ ಇಲ್ಲೇ ಎಂಬುದು ನನ್ನ ಗಟ್ಟಿ ನಂಬಿಕೆ. ಬ್ಯಾಟರಿಯ ಆ್ಯಸಿಡ್ ಹಬೆಗೆ ಸೀಸ, ತಾಮ್ರ ಎರಡೂ ತುಕ್ಕು ಹಿಡಿದು ಬಿಳಿ, ನೀಲಿ-ಹಸಿರು ಪುಡಿ ಕಟ್ಟಿಕೊಳ್ಳುತ್ತದೆ. ಅದು ಕಣ್ಣಿಗೆ ಕಾಣುವ ಕಳ್ಳ. ಕಾಣದ ಕಳ್ಳನೂ ಇದ್ದಾನೆ: ಕ್ಲಾಂಪ್ ಬಿಚ್ಚಿ ನೋಡಿದರೆ ಒಳಮೈಯಲ್ಲಿ ಹೊಳಪಿಲ್ಲದ ಕಪ್ಪು-ಬೂದು ಪದರ. ನಟ್ಟು ಬಿಗಿಯಾಗಿಯೇ ಇರುತ್ತದೆ, ಹೊರಗಿನಿಂದ ಎಲ್ಲ ಚೊಕ್ಕ, ಒಳಗೆ ಸೀಸಕ್ಕೆ ಸೀಸ ತಾಗುತ್ತಿರುವುದಿಲ್ಲ.

ಇದರ ಲೆಕ್ಕ ಹೈಸ್ಕೂಲಿನಲ್ಲಿ ಓದಿದ ಓಮನ ನಿಯಮವೇ. ಆ ಪದರದ ತಡೆ ಒಂದು ಓಮಿನ ನೂರನೇ ಒಂದು ಭಾಗ ಇದೆಯೆನ್ನಿ. 10 ಆಂಪಿಯರ್ ಎಳೆಯುವ ಹೆಡ್‌ಲೈಟಿಗೆ ನಷ್ಟವಾಗುವುದು 0.1 ವೋಲ್ಟು, ಗೊತ್ತೇ ಆಗುವುದಿಲ್ಲ. 150 ಆಂಪಿಯರ್ ಎಳೆಯುವ ಸ್ಟಾರ್ಟರಿಗೆ ಅದೇ ಜಾಗದಲ್ಲಿ ಒಂದೂವರೆ ವೋಲ್ಟು ಖೋತಾ. ಹನ್ನೆರಡರಲ್ಲಿ ಒಂದೂವರೆ ಹೋದರೆ ಸೆಲ್ಫ್ ಎಳೆದಾಡದೆ ಇನ್ನೇನು ಮಾಡೀತು?

ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಸುರಿದರೆ ಪುಡಿ ನೊರೆಯೆದ್ದು ಹೋಗುತ್ತದೆ. ನೀರು ಬ್ಯಾಟರಿಯ ಮುಚ್ಚಳದೊಳಗೆ ಇಳಿಯದಂತೆ ನೋಡಿಕೊಳ್ಳಿ. ಆಮೇಲೆ ಎಮರಿ ಕಾಗದದಿಂದ ಸೀಸ ಹೊಳೆಯುವವರೆಗೆ ಉಜ್ಜಿ, ಬಿಗಿಮಾಡಿ, ಮೇಲೆ ವ್ಯಾಸಲೀನ್ ಸವರಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಅದಲುಬದಲಾದರೆ ಪ್ಲಸ್ಸಿಗೆ ತಾಗಿದ ಪಾನಾ ಬಾಡಿಗೂ ತಾಗಿ ಕಿಡಿ ಹಾರುತ್ತದೆ.

ಬ್ಯಾಟರಿಯ ತುದಿ ಮಿಂಚಿದರೆ ಸಾಲದು. ಮೈನಸ್ ಕೇಬಲ್ಲಿನ ಇನ್ನೊಂದು ತುದಿ ಬಾಡಿಗೆ ಕೂರುವ ಜಾಗ, ಎಂಜಿನ್ನಿನಿಂದ ಬಾಡಿಗೆ ಬರುವ ಹೆಣೆದ ತಾಮ್ರದ ಅರ್ಥ್ ಪಟ್ಟಿ, ಇವನ್ನು ಹತ್ತಿಪ್ಪತ್ತು ವರ್ಷದಿಂದ ಯಾರೂ ಮುಟ್ಟಿರುವುದಿಲ್ಲ. ಎಂಜಿನ್ ರಬ್ಬರಿನ ಮೌಂಟಿಂಗ್ ಮೇಲೆ ಕೂತಿರುವುದರಿಂದ ಕರೆಂಟು ಬ್ಯಾಟರಿಗೆ ವಾಪಸಾಗಲು ಈ ಪಟ್ಟಿಯೇ ಹೆದ್ದಾರಿ. ಅದು ಕಿತ್ತಿದ್ದರೆ ಕರೆಂಟು ಆಕ್ಸಿಲರೇಟರ್ ಕೇಬಲ್ಲು, ಚೋಕ್ ಕೇಬಲ್ಲುಗಳ ಮೂಲಕ ನುಸುಳಲು ಹೋಗುತ್ತದೆ. ಸೆಲ್ಫ್ ಹೊಡೆದಾಗ ಚೋಕ್ ಕೇಬಲ್ ಬಿಸಿಯಾಗಿ ಹೊಗೆಯಾಡಿದರೆ ಅರ್ಥ್ ಹೋಗಿದೆ ಎಂದೇ ತಿಳಿಯಿರಿ.

ಬಾಕ್ಸ್: ಮೀಟರ್ ಹೇಳುವ ಮಾತು

*ಗಾಡಿ ಕೆಲವು ಗಂಟೆ ನಿಂತ ಮೇಲೆ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿಯಿರಿ. 12.6 ವೋಲ್ಟ್ ಇದ್ದರೆ ತುಂಬಿದೆ. 12.2ಕ್ಕೆ ಬಂದರೆ ಸುಮಾರು ಅರ್ಧ. 12ರ ಕೆಳಗಿದ್ದರೆ ಚಾರ್ಜಿಗೆ ಹಾಕದೆ ಬೇರೆ ದಾರಿಯಿಲ್ಲ.*

*ಸೆಲ್ಫ್ ಹೊಡೆಯುವಾಗ 9.6 ವೋಲ್ಟಿನ ಕೆಳಗೆ ಕುಸಿಯಬಾರದು. ಪೂರ್ತಿ ಚಾರ್ಜ್ ಆಗಿಯೂ ಕುಸಿದರೆ ಬ್ಯಾಟರಿಗೆ ವಯಸ್ಸಾಗಿರಬೇಕು, ಇಲ್ಲವೇ ಸ್ಟಾರ್ಟರ್ ಅತಿಯಾಗಿ ಎಳೆಯುತ್ತಿರಬೇಕು.*

*ಎಂಜಿನ್ ಓಡುತ್ತಿರುವಾಗ ಆಲ್ಟರ್ನೇಟರ್ ಇರುವ ಗಾಡಿಯಲ್ಲಿ 13.8ರಿಂದ 14.4 ತೋರಿಸಬೇಕು. ತೋರಿಸದಿದ್ದರೆ ಹೊಸ ಬ್ಯಾಟರಿ ಹಾಕಿಯೂ ಪ್ರಯೋಜನವಿಲ್ಲ, ತುಂಬುವವರೇ ಇಲ್ಲ.*

ಕಡ್ಡಿ, ಸೌದೆ, ಗಾಳಿ

ಎಂಜಿನ್ ಚುರುಕಾಗಿ ತಿರುಗುತ್ತಿದೆ, ಹೊತ್ತುತ್ತಿಲ್ಲ. ಒಲೆ ಹೊತ್ತಿಸಲು ಬೇಕಾದ್ದೇ ಇಲ್ಲೂ ಬೇಕು: ಕಡ್ಡಿ ಗೀರಬೇಕು, ಸೌದೆ ಒಣಗಿರಬೇಕು, ಗಾಳಿಯಾಡಬೇಕು. ಕಾರಿನಲ್ಲಿ ಕಡ್ಡಿಯೆಂದರೆ ಪ್ಲಗ್ಗಿನ ಕಿಡಿ. ಹಳೇ ಗಾಡಿಗಳಲ್ಲಿ ಮೊದಲು ಕೈಕೊಡುವುದು ಅದೇ.

ಪದ್ಮಿನಿ, ಅಂಬಾಸಡರ್, ಮೊದಮೊದಲ ಮಾರುತಿ 800, ಇವುಗಳಲ್ಲಿ ಕಿಡಿಯ ಹುಟ್ಟಿಗೆ ಕಂಪ್ಯೂಟರ್ ಇಲ್ಲ. ಬ್ಯಾಟರಿಯ 12 ವೋಲ್ಟನ್ನು ಕಾಯಿಲ್ ಸುಮಾರು 20 ಸಾವಿರ ವೋಲ್ಟಿಗೆ ಏರಿಸುತ್ತದೆ. ಅದನ್ನು ಸರದಿಯ ಪ್ರಕಾರ ಪ್ಲಗ್ಗುಗಳಿಗೆ ಹಂಚುವುದು ಡಿಸ್ಟ್ರಿಬ್ಯೂಟರ್. ನಮ್ಮ ಗ್ಯಾರೇಜುಗಳಲ್ಲಿ ಅದರ ಹೆಸರು ‘ಡೆಲ್ಕೊ’. ಒಳಗೆ ಎಂಜಿನ್ನಿನ ಲಯಕ್ಕೆ ತೆರೆದು ಮುಚ್ಚುವ ಪುಟ್ಟ ಸ್ವಿಚ್ಚು, ಅದೇ ‘ಪಾಯಿಂಟು’. ಪಾಯಿಂಟ್ ತೆರೆದ ಕ್ಷಣವೇ ಕಿಡಿ.

ತೀರ್ಥಹಳ್ಳಿಯ ಅಂಗಳಕ್ಕೆ ಆವತ್ತು ಕೊನೆಗೆ ಬಂದವರು ಸಾರಿಗೆ ಡಿಪೊದಿಂದ ನಿವೃತ್ತರಾದ ಹಿರಿಯರೊಬ್ಬರು. ಸದ್ದು ಕೇಳಿದರು. ‘ನಿನ್ನೆ ಎಂಜಿನ್ ತೊಳದ್ರಾ ಮಾರಾಯ್ರೆ?’ ಎಂದರು. ಉತ್ತರಕ್ಕೂ ಕಾಯದೆ ಡೆಲ್ಕೊ ಕ್ಯಾಪಿನ ಎರಡು ಕ್ಲಿಪ್ ಸರಿಸಿದರು. ಕಂದುಬಣ್ಣದ ಬೇಕಲೈಟ್ ಮುಚ್ಚಳದ ಒಳಮೈ ತುಂಬ ಸಣ್ಣ ನೀರ ಹನಿ.

20 ಸಾವಿರ ವೋಲ್ಟಿಗೆ ಅಷ್ಟು ತೇವ ಸಾಕು. ಪ್ಲಗ್ಗಿನವರೆಗೆ ಹೋಗುವ ಬದಲು ಕಿಡಿ ಕ್ಯಾಪಿನ ಒದ್ದೆಯ ಮೇಲೆಯೇ ಜಾರಿ ಬಾಡಿಗೆ ಸೇರಿಬಿಡುತ್ತದೆ. ಹಿರಿಯರು ಹಳೇ ಪಂಚೆಯ ತುಂಡಿನಿಂದ ಒರೆಸಿ, ಮನೆಯ ಹೇರ್ ಡ್ರೈಯರ್ ತರಿಸಿ ಒಣಗಿಸಿ, ಕ್ಯಾಪನ್ನು ಬೆಳಕಿಗೆ ಹಿಡಿದು ಒಳಗೆ ಪೆನ್ಸಿಲ್ಲಿನಲ್ಲಿ ಎಳೆದಂಥ ಕಪ್ಪುಗೆರೆ ಇದೆಯೇ ಎಂದು ನೋಡಿದರು. ಗೆರೆಯಿದ್ದರೆ ಕಿಡಿ ಅಲ್ಲಿ ಕಾಯಂ ದಾರಿ ಮಾಡಿಕೊಂಡಿದೆ ಎಂದರ್ಥ. ಒರೆಸಿದರೆ ಹೋಗುವುದಿಲ್ಲ, ಕ್ಯಾಪನ್ನೇ ಬದಲಿಸಬೇಕು. ಗೆರೆ ಇರಲಿಲ್ಲ. ಗಾಡಿ ಮೊದಲನೇ ಸೆಲ್ಫಿಗೇ ಎದ್ದಿತು, ನಿಂಬೆಹಣ್ಣು ಚಟಪಟನೆ ಒಡೆದವು.

ಆಯುಧಪೂಜೆಯ ಮರುದಿನ ಗ್ಯಾರೇಜುಗಳಲ್ಲಿ ಇಂಥ ಗಾಡಿಗಳು ಸಾಲುಗಟ್ಟುವುದು ಹೊಸತಲ್ಲ. ಮಲೆನಾಡಿನ ಆಷಾಢದಲ್ಲಂತೂ ತೊಳೆಯುವುದೇ ಬೇಡ, ಗಾಳಿಯ ತೇವವೇ ಸಾಕು. ಮಳೆಗಾಲದ ಬೆಳಿಗ್ಗೆ ಮಾತ್ರ ಸತಾಯಿಸಿ, ಬಿಸಿಲೇರಿದ ಮೇಲೆ ಏನೂ ಆಗದವರಂತೆ ಏಳುವ ಗಾಡಿಯಿದ್ದರೆ ಡೆಲ್ಕೊ ಕ್ಯಾಪ್ ಮತ್ತು ಪ್ಲಗ್ ವೈರುಗಳನ್ನೇ ಹಿಡಿಯಿರಿ. ರಾತ್ರಿಯ ಕತ್ತಲಲ್ಲಿ ಬಾನೆಟ್ ಎತ್ತಿ ಎಂಜಿನ್ ಓಡಿಸಿದರೆ ಬಿರುಕುಬಿಟ್ಟ ವೈರಿನ ಮೈಮೇಲೆ ನೀಲಿ ಕಿಡಿ ಹರಿದಾಡುವುದು ಕಣ್ಣಿಗೇ ಕಾಣುತ್ತದೆ.

ಪಾಯಿಂಟಿನ ಪಾಡು

ವರ್ಷಗಟ್ಟಲೆ ನಿಂತ ಗಾಡಿಯ ರೋಗ ಬೇರೆ. ಪಾಯಿಂಟಿನ ಎರಡು ಲೋಹದ ತುದಿಗಳ ನಡುವೆ ತೆಳ್ಳನೆಯ ಪೊರೆ ಕಟ್ಟುತ್ತದೆ. ನೋಡಲು ಮುಚ್ಚಿದೆ, ಕರೆಂಟು ಹರಿಯುವುದಿಲ್ಲ. ನುಣುಪು ಎಮರಿಯನ್ನು ಮಡಿಸಿ ಒಂದೆರಡು ಬಾರಿ ಎಳೆದು, ಆಮೇಲೆ ಒಣ ರಟ್ಟಿನ ತುಂಡಿನಿಂದ ಒರೆಸಿದರೆ ಸಾಕು. ಎಷ್ಟೋ ವರ್ಷ ಮಲಗಿದ್ದ ಗಾಡಿ ಇಷ್ಟಕ್ಕೇ ಎದ್ದು ಕೂರುತ್ತದೆ.

ಪಾಯಿಂಟ್ ಪೂರ್ತಿ ತೆರೆದಾಗ ಸಂದು ಸುಮಾರು 0.4 ಮಿಲಿಮೀಟರ್ ಇರಬೇಕು. ಓಡುತ್ತಾ ಓಡುತ್ತಾ ಅದರ ಹಿಮ್ಮಡಿ ಸವೆದು ಸಂದು ಕಿರಿದಾಗುತ್ತದೆ, ಕಿಡಿ ತಡವಾಗುತ್ತದೆ. ಅಳೆಯಲು ಫೀಲರ್ ಗೇಜ್ ಇದೆ. ಪ್ಲಗ್ಗಿನ ಸಂದು ಸುಮಾರು 0.6 ಮಿಲಿಮೀಟರ್. ಹ್ಯಾಕ್‌ಸಾ ಬ್ಲೇಡಿನ ದಪ್ಪವೂ ಹೆಚ್ಚುಕಮ್ಮಿ ಅಷ್ಟೇ. ಮೇಸ್ತ್ರಿಗಳು ಪ್ಲಗ್ಗಿಗೆ ಬ್ಲೇಡು ತೂರಿಸಿ ನೋಡುವುದರಲ್ಲಿ ಲೆಕ್ಕವಿದೆ.

ಪಾಯಿಂಟ್ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಹನ್ನೆರಡು ವೋಲ್ಟಿನ ಸಣ್ಣ ಬಲ್ಬು ಸಾಕು. ಒಂದು ವೈರು ಕಾಯಿಲ್‌ನಿಂದ ಡೆಲ್ಕೊಗೆ ಹೋಗುವ ತೆಳು ವೈರಿನ ತುದಿಗೆ, ಇನ್ನೊಂದು ಬಾಡಿಗೆ. ಸೆಲ್ಫ್ ಹೊಡೆದಾಗ ಬಲ್ಬು ಮಿಣುಕಿದರೆ ಪಾಯಿಂಟ್ ತೆರೆದು ಮುಚ್ಚುತ್ತಿದೆ. ಹಚ್ಚಿದಂತೆಯೇ ನಿಂತರೆ ಪಾಯಿಂಟ್ ಸೇರುತ್ತಿಲ್ಲ. ಬಲ್ಬು ಹತ್ತದೇ ಇದ್ದರೆ ಒಂದೋ ಕಾಯಿಲ್‌ಗೆ ಕರೆಂಟು ಬರುತ್ತಿಲ್ಲ, ಇಲ್ಲವೇ ಪಾಯಿಂಟಿನ ವೈರು ಎಲ್ಲೋ ಬಾಡಿಗೆ ತಾಗಿದೆ.

ಪಾಯಿಂಟ್ ಮೇಲಿಂದ ಮೇಲೆ ಸುಟ್ಟು ಕರಕಲಾಗುತ್ತಿದ್ದರೆ ಪಕ್ಕದ ಕಂಡೆನ್ಸರ್ ಹೋಗಿದೆ. ಅಂಗುಷ್ಠದಷ್ಟು ಗಾತ್ರದ ಅಗ್ಗದ ಸಾಮಾನು. ಅದನ್ನು ಬಿಟ್ಟು ಪಾಯಿಂಟ್ ಒಂದನ್ನೇ ಬದಲಿಸುತ್ತಾ ಹೋಗುವುದು ಸೋರುವ ಕೊಡಕ್ಕೆ ನೀರು ತುಂಬುವ ಕೆಲಸ.

ಇನ್ನೊಂದು ಸೂಕ್ಷ್ಮವಿದೆ. ಬ್ಯಾಟರಿ ಅರೆಜೀವವಾಗಿದ್ದರೆ ಸ್ಟಾರ್ಟರ್ ಇದ್ದಬದ್ದ ಕರೆಂಟನ್ನೆಲ್ಲ ಎಳೆದುಕೊಂಡು, ಕಿಡಿಗೆ ಏನೂ ಉಳಿಯುವುದಿಲ್ಲ. ಸೆಲ್ಫ್ ಹೊಡೆಯುತ್ತಿರುವಷ್ಟು ಹೊತ್ತೂ ಹೊತ್ತದ ಎಂಜಿನ್, ಕೀ ಬಿಟ್ಟ ಕ್ಷಣ ‘ಭುಸ್’ ಎಂದು ಒಮ್ಮೆ ಸೀನುತ್ತದಲ್ಲ, ಅದು ಇದೇ ಕಾರಣಕ್ಕೆ. ತಿರುಗಿಸುವಷ್ಟು ಶಕ್ತಿಯಿದೆ, ತಿರುಗಿಸುತ್ತಲೇ ಕಿಡಿ ಕೊಡುವಷ್ಟಿಲ್ಲ.

ಪೆಟ್ರೋಲು: ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ

ಕಿಡಿ ನೀಲಿಯಾಗಿ ಚಟ್ ಎಂದು ಹಾರುತ್ತಿದ್ದರೆ ಮುಂದಿನ ಅನುಮಾನ ಸೌದೆಯ ಮೇಲೆ. ಪ್ಲಗ್ ಬಿಚ್ಚಿ ಮೂಸಿ ನೋಡಿ. ಐದಾರು ಸಲ ಸೆಲ್ಫ್ ಹೊಡೆದ ಮೇಲೂ ಪ್ಲಗ್ ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ. ತೊಟ್ಟಿಕ್ಕುವಷ್ಟು ಒದ್ದೆಯಾಗಿದ್ದರೆ ಓವರ್ ಆಗಿದೆ.

ಓವರ್ ಆಗಿದ್ದರೆ ಚೋಕ್ ಪೂರ್ತಿ ಒಳಗೆ ತಳ್ಳಿ, ಆಕ್ಸಿಲರೇಟರ್ ನೆಲಕ್ಕೊತ್ತಿ ಹಿಡಿದೇ ಸೆಲ್ಫ್ ಹೊಡೆಯಿರಿ. ಗಾಳಿ ನುಗ್ಗಿ ಹೆಚ್ಚುವರಿ ಪೆಟ್ರೋಲು ಹೊರಬೀಳುತ್ತದೆ. ಜನ ಮಾಡುವುದು ಇದಕ್ಕೆ ಉಲ್ಟಾ: ಆಕ್ಸಿಲರೇಟರನ್ನು ಪಟಪಟ ತುಳಿಯುತ್ತಾರೆ. ಕಾರ್ಬುರೇಟರಿನಲ್ಲಿ ಪ್ರತಿ ತುಳಿತಕ್ಕೂ ಒಂದು ಚಿಮ್ಮು ಪೆಟ್ರೋಲು ಒಳಗಿಳಿದು ಪ್ಲಗ್ ಮತ್ತಷ್ಟು ತೊಯ್ಯುತ್ತದೆ.

ಬಾರದಿದ್ದರೆ? ತಿಂಗಳಾನುಗಟ್ಟಲೆ ನಿಂತ ಗಾಡಿಯ ಕಾರ್ಬುರೇಟರ್ ಬಟ್ಟಲಿನ ಪೆಟ್ರೋಲು ಆವಿಯಾಗಿ ಹೋಗಿರುತ್ತದೆ. ಹಿಂದಿನ ಟ್ಯಾಂಕಿನಿಂದ ಎಳೆದು ತರುವುದು ಎಂಜಿನ್ನಿಗೆ ಅಂಟಿಕೊಂಡ ‘ಎಸಿ ಪಂಪು’. ಎಂಜಿನ್ ತಿರುಗಿದರಷ್ಟೇ ಅದಕ್ಕೆ ಜೀವ. ಹಾಗಾಗಿ ನಿಂತ ಗಾಡಿ ಸೆಲ್ಫ್ ಹೆಚ್ಚು ಕೇಳುವುದು ಸಹಜ. ಎಸಿ ಪಂಪಿನ ರಬ್ಬರ್ ಪೊರೆ ಹರಿದರೆ ಪೆಟ್ರೋಲು ಮೇಲೇರುವ ಬದಲು ಎಂಜಿನ್ ಆಯಿಲ್ಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ಎಳೆದು ಮೂಸಿದಾಗ ಪೆಟ್ರೋಲ್ ವಾಸನೆ ಬಂದರೆ ಗಾಡಿ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ. ಆಯಿಲ್ ನೀರಾಗಿ ಬೇರಿಂಗ್ ಹಿಡಿದುಕೊಂಡರೆ ಖರ್ಚಿಗೆ ಲೆಕ್ಕವಿಲ್ಲ.

ಇತ್ತೀಚೆಗೆ ಇನ್ನೊಂದು ತಲೆನೋವು ಸೇರಿದೆ. 2025ರ ಹೊತ್ತಿಗೆ ನಮ್ಮ ಪಂಪುಗಳಲ್ಲಿ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲೇ ಸಾಮಾನ್ಯವಾಗಿದೆ. ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಬ್ಬಿನ ಸೀಮೆಗೆ ಅದು ಒಳ್ಳೇ ಸುದ್ದಿ. ಕಾರ್ಬುರೇಟರ್ ಕಾಲದ ಕಾರಿಗೆ ಅಷ್ಟೇನಲ್ಲ. ಎಥನಾಲ್ ಸುಡಲು ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕು. ಕಾರ್ಬುರೇಟರಿನ ಹಳೇ ಜೆಟ್ಟು ಇಂಧನವನ್ನು ಹಳೇ ಅಳತೆಯಲ್ಲೇ ಕೊಡುವುದರಿಂದ ಮಿಶ್ರಣ ತೆಳುವಾಗುತ್ತದೆ. ಚಳಿಯ ಬೆಳಿಗ್ಗೆ ಚೋಕ್ ಹೆಚ್ಚು ಹೊತ್ತು ಬೇಕಾಗುವುದು ಇದರಿಂದಲೇ.

ಜೊತೆಗೆ ಎಥನಾಲ್ ಗಾಳಿಯ ತೇವ ಹೀರುತ್ತದೆ. ನೀರು ಮಿತಿಮೀರಿದರೆ ಎಥನಾಲು, ನೀರು ಎರಡೂ ಕೂಡಿ ಟ್ಯಾಂಕಿನ ತಳಕ್ಕಿಳಿಯುತ್ತವೆ. ಪೈಪು ಹೀರುವುದು ತಳದಿಂದಲೇ. ಹಳೇ ರಬ್ಬರ್ ಹೋಸುಗಳೂ ಅದಕ್ಕೆ ಮೆತ್ತಗಾಗಿ ಪದರ ಬಿಡುತ್ತವೆ. ಅಪರೂಪಕ್ಕೆ ಓಡುವ ಗಾಡಿಯಲ್ಲಿ ತಿಂಗಳುಗಟ್ಟಲೆ ಪೆಟ್ರೋಲು ಕೂಡಿಡಬೇಡಿ, ಹೋಸುಗಳನ್ನು ಹೊಸ ಬಗೆಯ ಇಂಧನಕ್ಕೆ ಒಗ್ಗುವಂಥವಕ್ಕೆ ಬದಲಿಸಿ. ಬಾನೆಟ್ಟಿನಡಿ ಪೆಟ್ರೋಲ್ ವಾಸನೆ ಇರುವಾಗ ಕಿಡಿ ಪರೀಕ್ಷೆ ಮಾತ್ರ ಯಾರೂ ಮಾಡಬಾರದು.

ಘಾಟಿ ಹತ್ತಿದ ಮೇಲಿನ ಮುನಿಸು

ಬೆಳಿಗ್ಗೆ ಚೆನ್ನಾಗಿ ಎದ್ದ ಗಾಡಿ ಚಾರ್ಮಾಡಿ ಹತ್ತಿ, ಟೀ ಕುಡಿಯಲು ನಿಲ್ಲಿಸಿದ ಮೇಲೆ ಏಳುವುದಿಲ್ಲ. ಎಂಜಿನ್ನಿನ ಕಾವಿಗೆ ಎಸಿ ಪಂಪಿನಲ್ಲಿ, ಪೈಪಿನಲ್ಲಿ ಪೆಟ್ರೋಲು ಕುದಿದು ಆವಿಯಾಗಿರುತ್ತದೆ. ಪಂಪಿಗೆ ದ್ರವ ಎಳೆಯಲು ಬರುತ್ತದೆ, ಆವಿ ಎಳೆಯಲು ಬರುವುದಿಲ್ಲ. ಟ್ಯಾಕ್ಸಿಯವರು ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುತ್ತಿದ್ದುದು ಇದಕ್ಕೇ. ಬಟ್ಟೆ ಹಾಕಿ ಇಪ್ಪತ್ತು ನಿಮಿಷ ಕೂತರೆ ಗಾಡಿ ತಾನಾಗಿ ಸರಿಹೋಗುತ್ತದೆ.

ಆದರೆ ಬಿಸಿಯಲ್ಲಿ ಕೈಕೊಡುವ ಎಲ್ಲವೂ ಆವಿಯ ಆಟವಲ್ಲ. ಕಾಯಿಲ್ ಕೂಡ ಕಾದಾಗ ಸತ್ತು, ತಣಿದಾಗ ಬದುಕುತ್ತದೆ. ಇವೆರಡನ್ನು ಬೇರ್ಪಡಿಸಲು ಕಿಡಿಯನ್ನು ಗಾಡಿ ನಿಂತ ಹೊತ್ತಿನಲ್ಲೇ ನೋಡಬೇಕು. ಗ್ಯಾರೇಜಿಗೆ ಎಳೆದುಕೊಂಡು ಹೋಗುವಷ್ಟರಲ್ಲಿ ಎಲ್ಲ ತಣ್ಣಗಾಗಿ, ಮೇಸ್ತ್ರಿಯ ಮುಂದೆ ಗಾಡಿ ಮೊದಲ ಸೆಲ್ಫಿಗೇ ಎದ್ದು ಮಾಲೀಕನ ಮಾನ ಕಳೆಯುತ್ತದೆ.

ಬಾಕ್ಸ್: ಹೆಬ್ಬೆರಳು ಜೋಪಾನ!

*ಸೆಲ್ಫ್ ಬರುವ ಮುನ್ನ ಹೆಚ್ಚಿನ ಪೆಟ್ರೋಲ್ ಕಾರುಗಳಿಗೆ ಹ್ಯಾಂಡಲ್ಲೇ ಗತಿ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಅಮೆರಿಕದಲ್ಲಿ 1912ರ ಮಾದರಿಯ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ನಮ್ಮ ಅಂಬಾಸಡರ್ ಸೆಲ್ಫ್ ಇದ್ದೂ ಬಹುಕಾಲ ಹ್ಯಾಂಡಲ್ ಜೊತೆಗಿಟ್ಟುಕೊಂಡಿತ್ತು.*

*ಹ್ಯಾಂಡಲ್ ಹೊಡೆಯುವಾಗ ಹೆಬ್ಬೆರಳನ್ನು ಸುತ್ತಿ ಹಿಡಿಯದೆ ಉಳಿದ ಬೆರಳುಗಳ ಕಡೆಗೇ ಇಡುವುದು ಹಳಬರ ಪಾಠ. ಕಿಡಿ ಮೊದಲೇ ಹಾರಿದರೆ ಎಂಜಿನ್ ಹಿಂದಕ್ಕೆ ಒದೆಯುತ್ತದೆ, ಮಣಿಕಟ್ಟು ಮುರಿಯುತ್ತದೆ. ಮೇಲಿಂದ ಕೆಳಕ್ಕೆ ತಳ್ಳಬಾರದು, ಕೆಳಗಿಂದ ಮೇಲಕ್ಕೆ ಎಳೆಯಬೇಕು.*

ಮೊನ್ನೆಯ ಹೊಸ ಗಾಡಿ ಇಂದಿನ ಹಳೇ ಗಾಡಿ

2000ರ ಆಸುಪಾಸಿನಲ್ಲಿ ಕಾರ್ಬುರೇಟರ್ ಹೋಗಿ ಇಂಜೆಕ್ಷನ್ ಬಂತು. ಆಗಿನ ಸ್ಯಾಂಟ್ರೊ, ವ್ಯಾಗನ್ ಆರ್‌ಗಳಿಗೂ ಈಗ ಕಾಲು ಶತಮಾನ. ಇವುಗಳಲ್ಲಿ ಪಾಯಿಂಟಿಲ್ಲ, ಚೋಕಿಲ್ಲ. ಕೀ ಆನ್ ಮಾಡಿದ ಕೂಡಲೇ ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡು ‘ಜುಯ್ಯ್’ ಎಂಬ ಸದ್ದು ಬರಬೇಕು, ಅದು ಟ್ಯಾಂಕಿನೊಳಗಿನ ಪಂಪು. ಸದ್ದಿಲ್ಲದಿದ್ದರೆ ಮೊದಲು ಫ್ಯೂಸು, ರಿಲೇ, ಆಮೇಲೆ ಪಂಪು.

ಸದ್ದು ಬಂದು, ಎಂಜಿನ್ನೂ ತಿರುಗಿ ಹೊತ್ತದಿದ್ದರೆ ಕೀ ಚಿತ್ರದ ದೀಪ ನೋಡಿ. ಅದು ಮಿನುಗುತ್ತಿದ್ದರೆ ಕಳ್ಳರಿಂದ ಕಾಯುವ ಇಮ್ಮೊಬಿಲೈಸರ್ ಮಾಲೀಕನನ್ನೇ ಗುರುತಿಸುತ್ತಿಲ್ಲ. ಎರಡನೇ ಕೀ ಹಾಕಿ ನೋಡಿ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಒಂಚೂರೂ ಅಲುಗದಿದ್ದರೆ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ ಪಡಬಹುದು. ಮುಂದಿನದು ಸ್ಕ್ಯಾನರ್ ಇರುವವರ ಪಾಲಿಗೆ.

ಡೀಸೆಲ್ಲಿನಲ್ಲಿ ಹೊಗೆಯೇ ಸುಳಿವು. ಹಳೇ ಇಂಡಿಕಾದಲ್ಲಿ ಸೆಲ್ಫ್ ಹೊಡೆದಾಗ ಸೈಲೆನ್ಸರಿನಿಂದ ಬಿಳಿ ಹೊಗೆ ಬಂದರೆ ಡೀಸೆಲ್ ತಲುಪುತ್ತಿದೆ, ಉರಿಯುತ್ತಿಲ್ಲ. ಹೀಟರ್ ಪ್ಲಗ್ ನೋಡಬೇಕು. ಹೊಗೆಯೇ ಇಲ್ಲದಿದ್ದರೆ ಡೀಸೆಲ್ಲೇ ಬಂದಿಲ್ಲ. ಪೈಪಿಗೆ ಗಾಳಿ ಹೊಕ್ಕಿರುತ್ತದೆ.

ತಳ್ಳಿ ಸ್ಟಾರ್ಟ್ ಮಾಡುವುದಾದರೆ? ಎರಡನೇ ಗೇರು, ಕೀ ಆನ್, ವೇಗ ಬಂದ ಮೇಲೆ ಕ್ಲಚ್ ಬಿಡುವುದು. ಆಟೊಮ್ಯಾಟಿಕ್ ಗೇರಿನ ಗಾಡಿಗೆ ಇದು ನಡೆಯದು. ಪೂರ್ತಿ ಸತ್ತ ಬ್ಯಾಟರಿಯಿದ್ದರೂ ನಡೆಯದು, ಕಾಯಿಲ್‌ಗೆ ಒಂದಿಷ್ಟಾದರೂ ಕರೆಂಟು ಬೇಕು.

ಜೆ.ಸಿ. ರಸ್ತೆಯ ಡಬ್ಬಗಳಲ್ಲಿ

ಇಷ್ಟೆಲ್ಲ ಪತ್ತೆಯಾದ ಮೇಲೆ ಸಾಮಾನು ಬೇಕಲ್ಲ. ಪದ್ಮಿನಿಯ ತಯಾರಿಕೆ ಈ ಶತಮಾನದ ಹೊಸ್ತಿಲಲ್ಲೇ ನಿಂತಿತು. ಮಾರುತಿ 800, ಅಂಬಾಸಡರ್ ಎರಡೂ 2014ರಲ್ಲಿ ಕೊನೆಗೊಂಡವು. 2023ರ ಅಕ್ಟೋಬರಿನಲ್ಲಿ ಮುಂಬೈಯ ರಸ್ತೆಯಿಂದ ಪದ್ಮಿನಿ ಟ್ಯಾಕ್ಸಿಯೂ ಇಳಿಯಿತು. ಆದರೂ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದಂಗಡಿಗಳು, ಶಿವಾಜಿನಗರದ ಗುಜರಿ ಹಳೇ ಗಾಡಿಯವರ ಕೈಬಿಟ್ಟಿಲ್ಲ.

ಅಲ್ಲಿ ‘ಮೈಕೋ ಪ್ಲಗ್’ ಎಂದೇ ಈಗಲೂ ಕೇಳುವವರಿದ್ದಾರೆ. 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಬೆಂಗಳೂರಿನ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ ಮಾಡುತ್ತಿತ್ತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾಯಿತು. ಮೈಕೋ ಎಂಬುದು ಒಂದು ಬಡಾವಣೆಯ ಹೆಸರಾಗಿ, ಹಳೇ ಮೇಸ್ತ್ರಿಗಳ ಬಾಯಲ್ಲಿ ಪ್ಲಗ್ಗಿನ ಹೆಸರಾಗಿ ಉಳಿದಿದೆ.

ಪಾಯಿಂಟ್ ಕಿತ್ತು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸುವವರು ಹೆಚ್ಚುತ್ತಿದ್ದಾರೆ. ದಿನಾ ಓಡಿಸುವವರಿಗೆ ಅದು ಒಳ್ಳೆಯದೇ. ನನ್ನ ಮಟ್ಟಿಗೆ, ಕಿತ್ತ ಪಾಯಿಂಟಿನ ಕಿಟ್ಟನ್ನೂ ಡಿಕ್ಕಿಯಲ್ಲಿ ಇಟ್ಟುಕೊಂಡಿರುವುದು ಲೇಸು. ಎಲೆಕ್ಟ್ರಾನಿಕ್ ಮಾಡ್ಯೂಲ್ ಆಗುಂಬೆಯ ತಿರುವಿನಲ್ಲಿ ಸತ್ತರೆ ಎಮರಿ ಕಾಗದದಿಂದ ಉಜ್ಜಿ ಎಬ್ಬಿಸಲು ಬರುವುದಿಲ್ಲ, ಪಾಯಿಂಟನ್ನು ಉಜ್ಜಬಹುದು.

ಈಗಿನ ಗ್ಯಾರೇಜುಗಳಲ್ಲಿ ಇನ್ನೊಂದು ಚಾಳಿ: ಒಂದೇ ಏಟಿಗೆ ಬ್ಯಾಟರಿ, ಪ್ಲಗ್, ಕಾಯಿಲ್ ಎಲ್ಲ ಬದಲಿಸಿಬಿಡುವುದು. ಗಾಡಿ ಏಳುತ್ತದೆ, ನಿಜ. ಯಾವುದು ಕೆಟ್ಟಿತ್ತು ಎಂದು ಯಾರಿಗೂ ಗೊತ್ತಾಗುವುದಿಲ್ಲ, ಬಿಲ್ಲು ಮಾತ್ರ ಎಲ್ಲದಕ್ಕೂ. ಒಂದು ಸಲಕ್ಕೆ ಒಂದೇ ಬದಲಿಸಿ, ನೋಡಿ, ಆಮೇಲೆ ಮುಂದಿನದು ಎಂದು ಮಾಲೀಕ ಪಟ್ಟುಹಿಡಿಯಬೇಕು.

ಮೇಸ್ತ್ರಿಗೆ ಫೋನ್ ಮಾಡುವಾಗ ‘ಸ್ಟಾರ್ಟ್ ಆಗ್ತಿಲ್ಲ’ ಎಂದಷ್ಟೇ ಹೇಳಿದರೆ ಅವರಿಗೆ ಏನೂ ತಿಳಿಯುವುದಿಲ್ಲ. ಯಾವಾಗ ಏಳುವುದಿಲ್ಲ ಎಂದು ಹೇಳಿ: ತಣ್ಣಗಿದ್ದಾಗಲೋ, ಕಾದ ಮೇಲೋ, ಮಳೆ ಬಂದಾಗಲೋ, ವಾರ ನಿಂತ ಮೇಲೋ. ಪೆಟ್ರೋಲ್ ಹಾಕಿಸಿದ್ದು ಎಂದು, ಕೊನೆಗೆ ಬಾನೆಟ್ಟಿಗೆ ಕೈಹಾಕಿದವರು ಯಾರು ಎಂಬುದನ್ನೂ ಸೇರಿಸಿ. ಬುದ್ಧಿವಂತರು ಈಗ ಐದು ಸೆಕೆಂಡು ಸೆಲ್ಫ್ ಹೊಡೆದು, ಸದ್ದನ್ನು ಮೊಬೈಲಿನಲ್ಲಿ ಹಿಡಿದು ವಾಟ್ಸಾಪ್ ಮಾಡುತ್ತಾರೆ. ಕೇಳಿದ ಮೇಸ್ತ್ರಿಯಿಂದ ಒಂದು ಸಾಲಿನ ಉತ್ತರ ಬರುತ್ತದೆ: ‘ಮೊದ್ಲು ಟರ್ಮಿನಲ್ ಉಜ್ಜಿ ಸಾರ್, ಆಮೇಲೂ ಹಿಂಗೇ ಇದ್ರೆ ಬರ್ತೀನಿ’.